ಕಲೆ ಹೋಗಲೆಂದು ತಿಕ್ಕಿ ಸವೆದ ಹಲ್ಲು: ಕುಷ್ಟಗಿ ಕಡೆಯ ಶಿಕ್ಷಕಿಯೊಬ್ಬರಿಗೆ ಎಲೆಕ್ಟ್ರಿಕ್ ಬ್ರಷ್ ಆರಿಸಿದ ಪ್ರಕರಣ

ಇವರು ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ಶಿಕ್ಷಕಿ. ವಯಸ್ಸು 46. ಊರಿನವರು ಕರೆಯುವಂತೆ ನಾನೂ ಅವರನ್ನು ಅಕ್ಕೋರು ಎಂದೇ ಕರೆಯುತ್ತೇನೆ. ಅವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ, ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ.

ಕೊಪ್ಪಳದ ನನ್ನ ಕ್ಲಿನಿಕ್ಕಿಗೆ ಬಂದವರು ಕುರ್ಚಿ ಮೇಲೆ ಕೂರುವ ಮೊದಲೇ ಮೊಬೈಲ್ ತೆಗೆದರು. ಬೆಂಗಳೂರಿನಲ್ಲಿ ಓದುವ ಮಗಳು ಮೂರು ಎಲೆಕ್ಟ್ರಿಕ್ ಬ್ರಷ್‌ಗಳ ಚಿತ್ರ ಕಳಿಸಿದ್ದಳು. ಒಂದರಲ್ಲಿ ಹಲ್ಲು ಬೆಳ್ಳಗೆ ಮಾಡುವ ಮೋಡ್ ಇದೆ ಎಂದು ಬರೆದಿತ್ತು.

“ಡಾಕ್ಟ್ರೆ, ಇದರಾಗ ಯಾವ್ದು ತಗೊಂಡ್ರ ಈ ಕಂದು ಕಲಿ ಹೋಗ್ತಾವ್ರಿ? ಎಷ್ಟ್ ತಿಕ್ಕಿದ್ರೂ ಹೋಗವಲ್ವು. ಮಕ್ಕಳ ಮುಂದ ನಗಾಕ ನಾಚ್ಕಿ ಆಗ್ತೈತಿ.”

ಆ ಕಲೆ ಯಾವ ಬ್ರಷ್‌ನಿಂದಲೂ ಹೋಗುವುದಿಲ್ಲ. ಆದರೂ ಕೊನೆಗೆ ಅವರಿಗೆ ಎಲೆಕ್ಟ್ರಿಕ್ ಬ್ರಷ್ ತೆಗೆದುಕೊಳ್ಳಿ ಎಂದೇ ಹೇಳಿದೆ. ಅವರು ಕೇಳಿದ್ದು ಒಂದು ಕಾರಣಕ್ಕೆ, ನಾನು ಹೇಳಿದ್ದು ಬೇರೆ ಕಾರಣಕ್ಕೆ. ಎಲೆಕ್ಟ್ರಿಕ್ ಬ್ರಷ್ ಕೊಳ್ಳಲು ಹೊರಟ ಬಹಳ ಜನರಿಗೆ ಈ ವ್ಯತ್ಯಾಸ ಗೊತ್ತಿಲ್ಲ. ಅದಕ್ಕೇ ಈ ಪ್ರಕರಣವನ್ನು ವಿವರವಾಗಿ ಬರೆಯಬೇಕು ಅನ್ನಿಸಿತು.

ಬಾಯಿಯಲ್ಲಿ ಕಂಡದ್ದು

ಮೇಲಿನ ಮುಂದಿನ ಹಲ್ಲುಗಳ ಮೇಲೆ ಸುಣ್ಣದಂಥ ಬಿಳಿ ಪಟ್ಟಿಗಳಿದ್ದವು, ನಡುವೆ ಕಂದು ಬಣ್ಣದ ಕಲೆಗಳು. ಇದು ಹಲ್ಲಿನ ಫ್ಲೋರೋಸಿಸ್. ಕುಷ್ಟಗಿ, ಯಲಬುರ್ಗಾ ಕಡೆಯವರಿಗೆ ಇದನ್ನು ಹೊಸದಾಗಿ ವಿವರಿಸಬೇಕಿಲ್ಲ, ಪ್ರತಿ ಊರಲ್ಲೂ ಇಂಥ ಹಲ್ಲು ಕಾಣುತ್ತವೆ. ನಮ್ಮ ನೆಲದ ಕಲ್ಲಿನಲ್ಲೇ ಫ್ಲೋರೈಡ್ ಇದೆ. ಕೊಳವೆಬಾವಿ ಆಳಕ್ಕೆ ಹೋದಷ್ಟೂ ನೀರು ಆ ಕಲ್ಲಿನ ಸಂದಿಯಲ್ಲಿ ಹೆಚ್ಚು ಕಾಲ ನಿಂತು ಅದನ್ನು ಕರಗಿಸಿಕೊಂಡಿರುತ್ತದೆ. ಕುಡಿಯುವ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ನಡೆಯುತ್ತದೆ ಎಂದು ಭಾರತೀಯ ಮಾನಕ ಹೇಳುತ್ತದೆ. ಅಕ್ಕೋರು ಹುಟ್ಟಿ ಬೆಳೆದ ಊರಲ್ಲಿ ಆಗ ಎಲ್ಲರೂ ಕುಡಿಯುತ್ತಿದ್ದದ್ದು ಕೈಪಂಪಿನ ನೀರು.

ಈ ಕಲೆ ಹಲ್ಲಿನ ಮೇಲೆ ಕೂತ ಕೊಳೆ ಅಲ್ಲ. ಮಗುವಿಗೆ ಸುಮಾರು 8 ವರ್ಷ ಆಗುವವರೆಗೆ ಶಾಶ್ವತ ಹಲ್ಲುಗಳ ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ದವಡೆಯೊಳಗೇ ತಯಾರಾಗುತ್ತಿರುತ್ತದೆ. ಆ ಸಮಯದಲ್ಲಿ ಫ್ಲೋರೈಡ್ ಜಾಸ್ತಿ ಒಳಗೆ ಹೋದರೆ ಎನಾಮಲ್ ಸರಿಯಾಗಿ ಗಟ್ಟಿಯಾಗದೆ, ಸಣ್ಣ ಸಣ್ಣ ರಂಧ್ರ ಉಳಿದು ಹುಟ್ಟುತ್ತದೆ. ಹಲ್ಲು ಬಾಯಿಗೆ ಬಂದ ಮೇಲೆ ಆ ಜಾಗ ಬಣ್ಣ ಹೀರಿ ಕಂದಾಗುತ್ತದೆ. ಇಳಕಲ್ ಗ್ರಾನೈಟಿನ ಚುಕ್ಕೆ ತೊಳೆದರೆ ಹೋಗುವುದಿಲ್ಲ ಅಲ್ವಾ, ಇದೂ ಹಾಗೇ.

ಅಕ್ಕೋರಿಗೆ ಇದನ್ನು ಯಾರೂ ಬಿಡಿಸಿ ಹೇಳಿರಲಿಲ್ಲ. ಚಿಕ್ಕವರಿದ್ದಾಗ ತಾಯಿ ಬೂದಿ, ಉಪ್ಪು ಹಾಕಿ ತಿಕ್ಕಿಸಿದ್ದರು. ಆಮೇಲೆ ಇದ್ದಿಲು ಬಂತು, ಕೆಂಪು ಹಲ್ಲುಪುಡಿ ಬಂತು. ಮದುವೆಯಾದ ಮೇಲೆ ಗಟ್ಟಿ ಎಳೆಗಳ ಬ್ರಷ್ ಹಿಡಿದು, ಪುಡಿ ಹಾಕಿ, ಬೆಳಿಗ್ಗೆ ಹತ್ತು ನಿಮಿಷ ತಿಕ್ಕುವುದು ರೂಢಿಯಾಯಿತು. ಕಲೆ ಹಾಗೇ ಉಳಿಯಿತು, ಹಲ್ಲು ಸವೆಯಿತು. ಕೋರೆಹಲ್ಲು ಮತ್ತು ಅದರ ಹಿಂದಿನ ಹಲ್ಲುಗಳ ಬುಡದಲ್ಲಿ, ವಸಡಿನ ಅಂಚಿಗೆ, ಕೊಡಲಿಯಿಂದ ಕಚ್ಚು ಹಾಕಿದಂಥ ಗೀರುಗಳಿದ್ದವು. ವಸಡು 2ರಿಂದ 3 ಮಿಲಿಮೀಟರ್ ಮೇಲೆ ಸರಿದಿತ್ತು. ಎಡಗಡೆ ಹೆಚ್ಚು, ಬಲಗಡೆ ಕಡಿಮೆ. ಬಲಗೈಯಲ್ಲಿ ತಿಕ್ಕುವವರಲ್ಲಿ ಸಾಮಾನ್ಯವಾಗಿ ಹೀಗೇ ಇರುತ್ತದೆ, ಕೈಯ ಬಲವೆಲ್ಲ ಎಡಗಡೆಗೆ ಬೀಳುತ್ತದೆ. ತಣ್ಣೀರು ತಾಕಿದರೆ ಅಲ್ಲೆಲ್ಲ ಜುಂ ಎನ್ನುತ್ತಿತ್ತು.

ಇಷ್ಟು ತಿಕ್ಕುವವರ ಬಾಯಿ ಸ್ವಚ್ಛವಾಗಿರಬೇಕಿತ್ತು ಎಂದು ಯಾರಿಗಾದರೂ ಅನ್ನಿಸುತ್ತದೆ. ಪಾಚಿ, ಅಂದರೆ ಹಲ್ಲಿನ ಮೇಲೆ ಕೂರುವ ಅಂಟು ಪದರ, ಇರುವ ಜಾಗ ತೋರಿಸುವ ಬಣ್ಣ ಹಚ್ಚಿ ಕನ್ನಡಿ ಕೊಟ್ಟೆ. ಮುಂದಿನ ಹಲ್ಲುಗಳ ಹೊರಭಾಗದಲ್ಲಿ ಬಣ್ಣ ಕೂರಲೇ ಇಲ್ಲ. ಆದರೆ ಕೆಳಗಿನ ಮುಂದಿನ ಹಲ್ಲುಗಳ ಒಳಭಾಗ, ಕೊನೆಯ ದವಡೆ ಹಲ್ಲುಗಳ ಹಿಂಬದಿ, ಹಲ್ಲಿನ ಸಂದಿಗಳು ಪೂರಾ ಕೆಂಪಾದವು. ಅಲ್ಲೇ ಪಾಚಿ ಗಟ್ಟಿಯಾಗಿ ಗಾರೆ ಕಟ್ಟಿತ್ತು, ಅಲ್ಲೇ ವಸಡು ಊದಿ ರಕ್ತ ಬರುತ್ತಿತ್ತು. ಹಿಂದಿನ ದವಡೆ ಹಲ್ಲುಗಳ ಸುತ್ತ ವಸಡಿನ ಸಂದಿ, ಅಂದರೆ ಹಲ್ಲಿಗೂ ವಸಡಿಗೂ ನಡುವಿನ ಜಾಗ, 4 ಮಿಲಿಮೀಟರ್ ಆಳ ಇತ್ತು. ಕಲೆ ಕಾಣುವ ಕಡೆ ಕೈ ಮತ್ತೆ ಮತ್ತೆ ಹೋಗಿತ್ತು, ಕೊಳೆ ಇದ್ದದ್ದು ಕನ್ನಡಿಗೆ ಕಾಣದ ಕಡೆ.

ಈ ಪ್ರಕರಣದ ತಿರುಳೇ ಇದು. ಮುಂದೆ ಬ್ರಷ್ ಆರಿಸುವಾಗ ನಾನು ನೋಡಿದ್ದೂ ಇದನ್ನೇ.

ಬ್ರಷ್‌ಗಿಂತ ಮೊದಲು

ಗಾರೆ ತೆಗೆದು ಕ್ಲೀನಿಂಗ್ ಮಾಡಿದೆ. ಗಟ್ಟಿಯಾಗಿ ಕಟ್ಟಿದ ಗಾರೆಯನ್ನು ಮನೆಯಲ್ಲಿ ಬಳಸುವ ಯಾವ ಬ್ರಷ್ಷೂ ತೆಗೆಯುವುದಿಲ್ಲ, ಎಷ್ಟು ಸಾವಿರದ್ದಾದರೂ ಅಷ್ಟೇ. ಹಲ್ಲುಪುಡಿ ನಿಲ್ಲಿಸಿದೆ. ಜುಂ ಎನ್ನುವುದಕ್ಕೆ ಬೇರೆ ಪೇಸ್ಟ್ ಬರೆದುಕೊಟ್ಟೆ. ಮೃದು ಎಳೆಗಳ ಸಾದಾ ಬ್ರಷ್ ಕೊಟ್ಟು, ವಸಡಿನ ಅಂಚಿಗೆ ಓರೆಯಾಗಿ ಇಟ್ಟು ಸಣ್ಣಗೆ ಆಡಿಸುವುದನ್ನು ಕಲಿಸಿದೆ.

ಕೆಲವು ವಾರಗಳ ನಂತರ ಬಂದಾಗ ರಕ್ತ ಬರುವುದು ಕಡಿಮೆಯಾಗಿತ್ತು. ಆದರೆ ಕೊಟ್ಟ ಬ್ರಷ್‌ನ ಎಳೆಗಳು ಆಗಲೇ ಎರಡೂ ಕಡೆ ಬಿಚ್ಚಿಕೊಂಡು ಮಲಗಿದ್ದವು. ಮೃದು ಬ್ರಷ್ ಇಷ್ಟು ಬೇಗ ಹೀಗಾಗಿದೆ ಎಂದರೆ ಕೈ ಒತ್ತುತ್ತಲೇ ಇದೆ ಎಂದರ್ಥ. ಅಡುಗೆಮನೆಯಲ್ಲಿ ಬಳಸುವಂಥ ಡಿಜಿಟಲ್ ತಕ್ಕಡಿ ಕ್ಲಿನಿಕ್ಕಿನಲ್ಲಿ ಇಟ್ಟುಕೊಂಡಿದ್ದೇನೆ. ಅದರ ಮೇಲೆ ಬ್ರಷ್ ಇಟ್ಟು ಮನೆಯಲ್ಲಿ ತಿಕ್ಕುವ ಹಾಗೇ ತಿಕ್ಕಿ ಎಂದೆ. 400 ಗ್ರಾಂ ದಾಟಿತು. ಪಾಚಿ ತೆಗೆಯಲು 150ರಿಂದ 200 ಗ್ರಾಂ ಭಾರ ಸಾಕು. ಅಕ್ಕೋರು ತಾವೇ ಆ ಅಂಕಿ ನೋಡಿ ಗಾಬರಿಯಾದರು.

“ಗೊತ್ತಿದ್ರೂ ಕೈ ತಡಿಯಂಗಿಲ್ರಿ. ಮೂವತ್ತು ವರ್ಷದ ರೂಢಿ,” ಎಂದರು.

ಈ ಮಾತು ನನಗೆ ನಿಜ ಅನ್ನಿಸಿತು. ಬುದ್ಧಿಗೆ ಹೇಳುವುದು ಸುಲಭ, ಕೈಗೆ ಹೇಳುವುದು ಕಷ್ಟ. ಇಂಥವರಿಗೆ ಎಲೆಕ್ಟ್ರಿಕ್ ಬ್ರಷ್ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ತಿಕ್ಕುವ ಕೆಲಸ ಮೋಟಾರಿನದ್ದಾಗುತ್ತದೆ, ಕೈಗೆ ಉಳಿಯುವುದು ಹಿಡಿದು ನಿಲ್ಲಿಸುವ ಕೆಲಸ ಮಾತ್ರ. ಎಲೆಕ್ಟ್ರಿಕ್ ಬ್ರಷ್ ಬಳಸುವವರು ಸಾದಾ ಬ್ರಷ್‌ನವರಿಗಿಂತ ಕಡಿಮೆ ಒತ್ತುತ್ತಾರೆ ಎಂಬುದನ್ನು ಅಳತೆ ಮಾಡಿಯೇ ನೋಡಿದ್ದಾರೆ.

ಪುರಾವೆ ಏನು ಹೇಳುತ್ತದೆ

ಅಕ್ಕೋರ ಯಜಮಾನರೂ ಜೊತೆಗೆ ಬಂದಿದ್ದರು. ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು: “ಮೂವತ್ತು ರೂಪಾಯಿ ಬ್ರಷ್ ಮಾಡ್ದಿದ್ದನ್ನ ಇದೇನ್ ಮಾಡ್ತೈತ್ರಿ?”

ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2014ರಲ್ಲಿ ಪ್ರಕಟಿಸಿದ ವಿಮರ್ಶೆ ಈ ಪ್ರಶ್ನೆಗೆ ನನಗೆ ಸಿಕ್ಕ ಒಳ್ಳೆಯ ಉತ್ತರ. ಸಾದಾ ಬ್ರಷ್ ಮತ್ತು ವಿದ್ಯುತ್ ಬ್ರಷ್ ಹೋಲಿಸಿದ 56 ಪ್ರಯೋಗಗಳನ್ನು ಅದರಲ್ಲಿ ಒಟ್ಟಿಗೆ ನೋಡಿದ್ದಾರೆ. ಒಂದರಿಂದ ಮೂರು ತಿಂಗಳ ಬಳಕೆಯಲ್ಲಿ ಪಾಚಿ ಶೇ 11ರಷ್ಟು ಕಡಿಮೆ, ಮೂರು ತಿಂಗಳು ದಾಟಿದ ಮೇಲೆ ಶೇ 21ರಷ್ಟು ಕಡಿಮೆ. ವಸಡಿನ ಊತ ಮೊದಲ ಅವಧಿಯಲ್ಲಿ ಶೇ 6, ಆಮೇಲೆ ಶೇ 11ರಷ್ಟು ಕಡಿಮೆ. ಲಾಭ ಇದೆ, ಆದರೆ ಜಾಹೀರಾತು ಹೇಳುವಷ್ಟು ಇಲ್ಲ. ಸಾದಾ ಬ್ರಷ್‌ನಿಂದ ಸರಿಯಾಗಿ, ನಿಧಾನವಾಗಿ, ಎಲ್ಲ ಕಡೆ ತಿಕ್ಕುವವರ ಬಾಯಿ ಚೆನ್ನಾಗಿಯೇ ಇರುತ್ತದೆ. ಅಂಥವರು ದುಡ್ಡು ಖರ್ಚು ಮಾಡಬೇಕಿಲ್ಲ ಎಂದು ನಾನು ಯಾವಾಗಲೂ ಹೇಳುತ್ತೇನೆ.

ಜರ್ಮನಿಯ ಪೊಮೆರೇನಿಯಾ ಭಾಗದಲ್ಲಿ 2,819 ಜನರನ್ನು 11 ವರ್ಷ ಗಮನಿಸಿದ ಅಧ್ಯಯನವೂ ಇದೆ, 2019ರಲ್ಲಿ ಪ್ರಕಟವಾಯಿತು. ಎಲೆಕ್ಟ್ರಿಕ್ ಬ್ರಷ್ ಬಳಸಿದವರಲ್ಲಿ ವಸಡಿನ ಸಂದಿ ಆಳವಾಗುವುದು ಶೇ 22ರಷ್ಟು ಕಡಿಮೆ ಕಂಡಿತು, ಕಳೆದುಕೊಂಡ ಹಲ್ಲುಗಳೂ ಕಡಿಮೆ. ಆದರೆ ಇಂಥ ಬ್ರಷ್ ಕೊಳ್ಳುವವರು ಬಾಯಿಯ ಬಗ್ಗೆ ಮೊದಲೇ ಹೆಚ್ಚು ಕಾಳಜಿ ಇರುವವರೂ ಆಗಿರಬಹುದು. ಅದಕ್ಕೆ ಇಡೀ ಲಾಭವನ್ನು ಬ್ರಷ್ ಲೆಕ್ಕಕ್ಕೇ ಹಾಕುವುದು ಸರಿಯಲ್ಲ. ಯಜಮಾನರಿಗೂ ಇದನ್ನು ಹೀಗೇ ಹೇಳಿದೆ.

ಮೂರರಲ್ಲಿ ಯಾವುದು

ಮಗಳು ಕಳಿಸಿದ ಮೂರೂ ಮೂರು ಬಗೆಯವು. ಅದು ಒಳ್ಳೆಯದೇ ಆಯಿತು, ಎದುರಿಗಿಟ್ಟು ಹೋಲಿಸಲು ಬಂತು.

ಒಂದು, ಪೆನ್ಸಿಲ್ ಸೆಲ್ ಹಾಕುವ ಅಗ್ಗದ ಬ್ರಷ್. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಸೆಲ್ ಇಳಿಯುತ್ತಾ ಬಂದಂತೆ ಮೋಟಾರ್ ನಿಧಾನವಾಗುತ್ತದೆ. ಜೋರಾಗಿ ಒತ್ತಿದರೆ ಎಚ್ಚರಿಸುವ ವ್ಯವಸ್ಥೆ ಇರಲಿಲ್ಲ. ಅಕ್ಕೋರ ಕೈಗೆ ಕೊಟ್ಟರೆ ಅದು ಇನ್ನೊಂದು ಸಾದಾ ಬ್ರಷ್ ಆಗಿಬಿಡುತ್ತಿತ್ತು. ಅದನ್ನು ಅಲ್ಲೇ ಬಿಟ್ಟೆವು.

ಎರಡನೆಯದು ಸೋನಿಕ್. ತಲೆ ಸಾದಾ ಬ್ರಷ್‌ನಂತೆಯೇ ಉದ್ದ, ಎಳೆಗಳು ಅಕ್ಕಪಕ್ಕಕ್ಕೆ ಅತಿ ವೇಗವಾಗಿ ಅದುರುತ್ತವೆ. ಫಿಲಿಪ್ಸ್ ಸೋನಿಕೇರ್‌ನವರು ನಿಮಿಷಕ್ಕೆ 31,000 ಚಲನೆ ಎನ್ನುತ್ತಾರೆ. ಸದ್ದು ಕಡಿಮೆ. ಹಲ್ಲಿನ ಬುಡ ಜುಂ ಎನ್ನುವ ಕೆಲವರಿಗೆ ಇದು ಹಿತ ಅನ್ನಿಸುತ್ತದೆ, ಕೆಲವರಿಗೆ ಕಚಗುಳಿ ಇಟ್ಟ ಹಾಗಾಗುತ್ತದೆ. ಮೂರನೆಯದು ದುಂಡು ತಲೆಯದ್ದು. ಸಣ್ಣ ತಲೆ ಆ ಕಡೆ ಈ ಕಡೆ ಅರ್ಧರ್ಧ ತಿರುಗುತ್ತದೆ, ಒಂದೊಂದೇ ಹಲ್ಲನ್ನು ಹಿಡಿಯುತ್ತದೆ. ಓರಲ್-ಬಿ ಬ್ರಷ್‌ಗಳಲ್ಲಿ ಹೆಚ್ಚಿನವು ಈ ಬಗೆಯವು. ಎರಡು ಬಗೆಯನ್ನೂ ಹೋಲಿಸಿದ 2010ರ ಕಾಕ್ರೇನ್ ವಿಮರ್ಶೆಯಲ್ಲಿ ದುಂಡು ತಲೆಯದ್ದು ಪಾಚಿ ಮತ್ತು ವಸಡಿನ ಊತ ಎರಡರಲ್ಲೂ ತುಸು ಮುಂದೆ ಕಂಡಿತು. ಆದರೆ ಆ ವ್ಯತ್ಯಾಸ ಸಣ್ಣದು, ಬಾಯಿಯ ಆರೋಗ್ಯದಲ್ಲಿ ಅದರಿಂದ ಎಷ್ಟು ಫರಕು ಬೀಳುತ್ತದೆ ಎಂಬುದು ಸ್ಪಷ್ಟವಿಲ್ಲ ಎಂದೂ ಅದರಲ್ಲೇ ಬರೆದಿದ್ದಾರೆ. ಹಾಗಾಗಿ ‘ಸೋನಿಕ್ ಒಳ್ಳೆಯದೋ ದುಂಡನೆಯದು ಒಳ್ಳೆಯದೋ’ ಎಂದು ಸುಮ್ನೆ ಗಾಳಿಯಲ್ಲಿ ಕೇಳಿದರೆ ಉತ್ತರ ಸಿಗುವುದಿಲ್ಲ. ಯಾರ ಕೈಗೆ, ಯಾರ ಬಾಯಿಗೆ ಎಂದು ಕೇಳಬೇಕು.

ರಜೆಗೆ ಬಂದಿದ್ದ ಮಗಳ ಬಳಿ ಸೋನಿಕ್ ಬ್ರಷ್ ಇತ್ತು. ಅದರ ಹಿಡಿಕೆಗೆ ಹೊಸ ತಲೆ ಹಾಕಿ ನನ್ನ ಎದುರೇ ತಿಕ್ಕಲು ಹೇಳಿದೆ. ಉದ್ದ ತಲೆ ಬಾಯಿಗೆ ಹೋದ ತಕ್ಷಣ ಅಕ್ಕೋರ ಮೊಣಕೈ ಹಳೆಯ ರೀತಿಯಲ್ಲೇ ಹಿಂದೆ ಮುಂದೆ ಆಡತೊಡಗಿತು. ಮೋಟಾರ್ ಅದರಪಾಡಿಗೆ ಅದುರುತ್ತಿದೆ, ಕೈ ಇವರಪಾಡಿಗೆ ತಿಕ್ಕುತ್ತಿದೆ! ಕ್ಲಿನಿಕ್ಕಿನಲ್ಲಿ ತೋರಿಸಲು ಇಟ್ಟಿರುವ ದುಂಡು ತಲೆಯದನ್ನು ಕೊಟ್ಟಾಗ ಹಾಗಾಗಲಿಲ್ಲ. ಅಷ್ಟು ಸಣ್ಣ ತಲೆಯಿಂದ ಉದ್ದಕ್ಕೆ ತಿಕ್ಕಲು ಬರುವುದೇ ಇಲ್ಲ. ಒಂದು ಹಲ್ಲಿನ ಮೇಲೆ ಇಟ್ಟು, ನಿಂತು, ಮುಂದಿನದಕ್ಕೆ ಹೋಗಲೇಬೇಕು. ಕೊನೆಯ ದವಡೆ ಹಲ್ಲಿನ ಹಿಂದಕ್ಕೂ, ಕೆಳಗಿನ ಮುಂದಿನ ಹಲ್ಲುಗಳ ಒಳಭಾಗಕ್ಕೂ ಅದು ಸಲೀಸಾಗಿ ಹೋಯಿತು. ಬಣ್ಣ ಕೂತಿದ್ದದ್ದು ಅಲ್ಲೇ ಅಲ್ವಾ?

ಹಾಗಾಗಿ ದುಂಡು ತಲೆ ನನ್ನ ಮೊದಲ ಬೇಡಿಕೆಯಾಯಿತು. ಎರಡನೆಯ ಬೇಡಿಕೆಯಲ್ಲಿ ನಾನು ಗಟ್ಟಿಯಾಗಿ ನಿಂತೆ: ಒತ್ತಡ ಹೆಚ್ಚಾದರೆ ಕೆಂಪು ದೀಪ ಹತ್ತಬೇಕು. ಕಡಿಮೆ ಬೆಲೆಯ ಮಾದರಿಗಳಲ್ಲಿ ಸಾಮಾನ್ಯವಾಗಿ ಈ ದೀಪ ಇರುವುದಿಲ್ಲ. ಮೋಡ್‌ಗಳು, ಬ್ಲೂಟೂತ್, ಮೊಬೈಲ್ ಆ್ಯಪ್ ಇವಕ್ಕೆಲ್ಲ ಕೊಡುವ ದುಡ್ಡು ಇವರ ಮಟ್ಟಿಗೆ ದಂಡ. ಬಿಳುಪಿನ ಮೋಡ್ ಎಂದರೆ ಮೋಟಾರಿನ ವೇಗ ಬದಲಾಗುವುದು ಅಷ್ಟೇ. ಚಹಾ, ಎಲೆಅಡಿಕೆಯ ಮೇಲುಮೇಲಿನ ಬಣ್ಣ ಅದರಿಂದ ತುಸು ಹೋಗಬಹುದು, ಫ್ಲೋರೋಸಿಸ್ ಕಲೆಗೆ ಅದು ಮುಟ್ಟುವುದೂ ಇಲ್ಲ. ದೀಪಕ್ಕೆ ಕೊಡುವ ದುಡ್ಡು ಮಾತ್ರ ಇವರಿಗೆ ಬೇಕಾದದ್ದಕ್ಕೇ ಹೋಗುತ್ತದೆ.

ಇನ್ನೊಂದು ವಿಷಯ ಜಾಹೀರಾತಿನಲ್ಲಿ ಇರುವುದಿಲ್ಲ, ನಮ್ಮ ಕಡೆಯವರು ಮಾತ್ರ ಮೊದಲು ಕೇಳಬೇಕು. ಬದಲಿ ತಲೆ ಎಲ್ಲಿ ಸಿಗುತ್ತದೆ? ಮೂರು ತಿಂಗಳಿಗೊಮ್ಮೆ ತಲೆ ಬದಲಿಸಬೇಕು, ಅಂದರೆ ವರ್ಷಕ್ಕೆ ನಾಲ್ಕು. ಹಳ್ಳಿಯ ಅಂಗಡಿಯಲ್ಲಿ ಇವು ಸಿಗುವುದಿಲ್ಲ, ಆನ್‌ಲೈನ್ ತರಿಸಬೇಕು. ಆ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ ಎಂದೆ. ಇಲ್ಲದಿದ್ದರೆ ಹಿಡಿಕೆಗೆ ಸಾವಿರಗಟ್ಟಲೆ ಕೊಟ್ಟು, ಸವೆದ ತಲೆಯಲ್ಲೇ ವರ್ಷಪೂರ್ತಿ ತಿಕ್ಕುವುದಾಗುತ್ತದೆ. ಅದಕ್ಕಿಂತ ಹೊಸ ಸಾದಾ ಬ್ರಷ್ ಮೇಲು. ಒಂದೇ ಹಿಡಿಕೆಗೆ ಮನೆಯವರೆಲ್ಲ ತಮ್ಮ ತಮ್ಮ ತಲೆ ಹಾಕಿಕೊಳ್ಳಬಹುದು ಎಂದಾಗ ಯಜಮಾನರ ಮುಖ ಸ್ವಲ್ಪ ಸಡಿಲವಾಯಿತು. ತಲೆ ಅದಲುಬದಲಾಗದಂತೆ ಬುಡದಲ್ಲಿ ಬಣ್ಣದ ಉಂಗುರ ಇರುತ್ತದೆ.

ಬಳಕೆ

ಕಲಿಸುವುದು ಜಾಸ್ತಿ ಏನಿರಲಿಲ್ಲ. ಬಾಯಿಗೆ ಇಟ್ಟ ಮೇಲೆ ಸ್ವಿಚ್ ಒತ್ತಿ, ಇಲ್ಲದಿದ್ದರೆ ಪೇಸ್ಟ್ ಕನ್ನಡಿಗೆ ಸಿಡಿಯುತ್ತದೆ. ಬಾಯಿಯನ್ನು ನಾಲ್ಕು ಭಾಗ ಮಾಡಿ, ಒಂದೊಂದಕ್ಕೆ 30 ಸೆಕೆಂಡ್, ಒಟ್ಟು 2 ನಿಮಿಷ. ಸಮಯವಾದಾಗ ಬ್ರಷ್ಷೇ ತಡೆದು ತಡೆದು ಸೂಚಿಸುತ್ತದೆ. ಒಳಭಾಗದಿಂದಲೇ ಶುರು ಮಾಡಿ ಎಂದು ಮಾತ್ರ ಒತ್ತಿ ಹೇಳಿದೆ. ಕಲೆ ಇರುವ ಮುಂಭಾಗಕ್ಕೆ ಕೊನೆಯ ಸರದಿ.

ಮೊದಲ ವಾರ ಅಕ್ಕೋರು ಫೋನ್ ಮಾಡಿದರು. ಹೊಸ ಬ್ರಷ್ಷಿಗೆ ಹಳೆಯ ಕೆಂಪು ಪುಡಿ ಹಾಕಿ ನೋಡಬಹುದಾ ಎಂದು ಕೇಳಿದರು. ಮೂವತ್ತು ವರ್ಷದ ಆಸೆ, ಒಂದೇ ಸಲಕ್ಕೆ ಬಿಡುವುದಿಲ್ಲ. ಬೇಡವೇ ಬೇಡ ಎಂದೆ. ಉರುಟು ಪುಡಿಯನ್ನು ಮೋಟಾರಿನ ವೇಗದಲ್ಲಿ ಬುಡಕ್ಕೆ ತಿಕ್ಕಿದರೆ ಆಗಲೇ ಬಿದ್ದ ಗೀರು ಇನ್ನೂ ಆಳವಾಗುತ್ತದೆ. ಇದ್ದಿಲಿನ ಪೇಸ್ಟಿಗೂ ಇದೇ ಮಾತು.

ನೀರಿನ ತೊಂದರೆ ಇಲ್ಲೂ ಬಂತು. ಕೊಳವೆಬಾವಿಯ ಗಡಸು ನೀರು ಬ್ರಷ್‌ನ ಲೋಹದ ಕಡ್ಡಿಯ ಸುತ್ತ ಬಿಳಿ ಪುಡಿಯಾಗಿ ಕೂತು, ತಲೆ ಬಿಗಿಯಾಗಿ ಹಿಡಿದುಕೊಂಡಿತು. ದಿನಾ ತಲೆ ಬಿಚ್ಚಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಬೇರೆ ಬೇರೆ ಇಡಲು ಹೇಳಿದ ಮೇಲೆ ಸರಿಹೋಯಿತು. ಕರೆಂಟ್ ಹೋಗುವ ಚಿಂತೆ ಅವರಿಗಿತ್ತು. ಒಮ್ಮೆ ಚಾರ್ಜ್ ಮಾಡಿದರೆ ವಾರದ ಮೇಲೆ ನಡೆಯುವುದರಿಂದ ಅದು ಅಡ್ಡಿಯಾಗಲಿಲ್ಲ.

ಹಲ್ಲಿನ ಸಂದಿಗೆ ಬೇರೆ ಸಣ್ಣ ಬ್ರಷ್ ಕೊಟ್ಟೆ. ಎಲೆಕ್ಟ್ರಿಕ್ ಬ್ರಷ್ ಬಂದರೆ ಸಂದಿಯ ಕೆಲಸ ಮುಗಿಯಿತು ಎಂದುಕೊಳ್ಳುವವರು ಬಹಳ. ಎರಡು ಹಲ್ಲು ತಾಕುವ ಜಾಗಕ್ಕೆ ಯಾವ ಬ್ರಷ್‌ನ ಎಳೆಯೂ ಪೂರ್ತಿ ಹೋಗುವುದಿಲ್ಲ.

ಮೂರು ತಿಂಗಳು, ಆರು ತಿಂಗಳು

ಮೂರು ತಿಂಗಳಿಗೆ ಮತ್ತೆ ಬಣ್ಣ ಹಚ್ಚಿ ನೋಡಿದೆ. ಕೆಳಗಿನ ಹಲ್ಲುಗಳ ಒಳಭಾಗ ಹೆಚ್ಚುಕಡಿಮೆ ಸ್ವಚ್ಛ. ಕೊನೆಯ ದವಡೆ ಹಲ್ಲುಗಳ ಹಿಂದೆ ಇನ್ನೂ ಸ್ವಲ್ಪ ಇತ್ತು. ಮುಟ್ಟಿದರೆ ರಕ್ತ ಬರುವ ಜಾಗಗಳು ಕೆಲವೇ ಉಳಿದಿದ್ದವು. ಮೊದಮೊದಲು ಕೆಂಪು ದೀಪ ಹತ್ತುತ್ತಲೇ ಇತ್ತಂತೆ, ಈಗ ಅಪರೂಪ. ಬ್ರಷ್‌ನ ತಲೆ ನೋಡಿದೆ, ಎಳೆಗಳು ನೆಟ್ಟಗೇ ಇದ್ದವು. ನನಗೆ ಬಹಳ ಸಂತೋಷ ಕೊಟ್ಟದ್ದು ಇದೇ. ಆರು ತಿಂಗಳಿಗೆ 4 ಮಿಲಿಮೀಟರಿನ ವಸಡಿನ ಸಂದಿಗಳಲ್ಲಿ ಹೆಚ್ಚಿನವು 3ಕ್ಕೆ ಇಳಿದಿದ್ದವು. ಇದರಲ್ಲಿ ಕ್ಲೀನಿಂಗಿನ ಪಾಲು ಎಷ್ಟು, ಬ್ರಷ್‌ನದು ಎಷ್ಟು, ಸಂದಿ ಬ್ರಷ್‌ನದು ಎಷ್ಟು ಎಂದು ಒಬ್ಬರ ಪ್ರಕರಣದಲ್ಲಿ ಬಿಡಿಸಿ ಹೇಳಲು ಬರುವುದಿಲ್ಲ. ಸರಿದ ವಸಡು ಮರಳಿ ಬರಲಿಲ್ಲ, ಅದು ಬ್ರಷ್‌ನಿಂದ ಬರುವಂಥದ್ದಲ್ಲ. ಆದರೆ ಮುಂದೆ ಸರಿಯುವುದು ನಿಂತಿತು. ಆಳದ ಎರಡು ಗೀರುಗಳಿಗೆ ಹಲ್ಲಿನ ಬಣ್ಣದ ಸಿಮೆಂಟ್ ತುಂಬಿದೆ, ಜುಂ ಎನ್ನುವುದು ಹೋಯಿತು.

ಎಣಿಸದೇ ಬಂದ ಲಾಭ ಒಂದಿದೆ. ಮನೆಯಲ್ಲಿ ಅಕ್ಕೋರ ಅತ್ತೆಗೆ ಬೆರಳಿನ ಕೀಲುನೋವು, ತೆಳ್ಳಗಿನ ಬ್ರಷ್ ಹಿಡಿಯಲು ಆಗುತ್ತಿರಲಿಲ್ಲ. ಬೆರಳಲ್ಲೇ ಒಂದಿಷ್ಟು ಒರೆಸಿಕೊಂಡು ಬಿಡುತ್ತಿದ್ದರು. ಎಲೆಕ್ಟ್ರಿಕ್ ಬ್ರಷ್‌ನ ದಪ್ಪ ಹಿಡಿಕೆ ಅವರ ಮುಷ್ಟಿಗೆ ಸರಿಯಾಗಿ ಸಿಕ್ಕಿತು. ಈಗ ತಮ್ಮದೇ ತಲೆ ಹಾಕಿಕೊಂಡು ತಾವೇ ತಿಕ್ಕುತ್ತಾರೆ. ಕೀಲುನೋವಿನವರಿಗೆ, ಪಾರ್ಶ್ವವಾಯುವಿನಿಂದ ಕೈ ಸೋತವರಿಗೆ, ಇನ್ನೊಬ್ಬರ ಹಲ್ಲು ತಿಕ್ಕಿಸಬೇಕಾದ ಮನೆಗಳಿಗೆ ಈ ಬ್ರಷ್ ಮೊದಲು ಹೋಗಬೇಕು ಎಂಬುದು ನನ್ನ ಅಭಿಪ್ರಾಯ.

ಕಲೆಯ ವಿಷಯ

ವಸಡು ಸುಧಾರಿಸಿದ ಮೇಲೆ ಕಲೆಗೆ ಕೈ ಹಾಕಿದೆ. ಎನಾಮಲ್‌ನ ಮೇಲ್ಪದರವನ್ನು ಔಷಧಿ ಹಾಕಿ ಅತಿ ತೆಳುವಾಗಿ ತೆಗೆಯುವ ವಿಧಾನ ಇದೆ, ಮೈಕ್ರೋಅಬ್ರೇಶನ್ ಎನ್ನುತ್ತಾರೆ. ಕಲೆ ಹೆಚ್ಚು ಆಳಕ್ಕೆ ಇಳಿಯದಿದ್ದರೆ ಇದರಿಂದ ಒಳ್ಳೆಯ ಫಲ ಸಿಗುತ್ತದೆ. ಇದನ್ನು ಕ್ಲಿನಿಕ್ಕಿನಲ್ಲೇ, ವಸಡಿಗೆ ರಕ್ಷಣೆ ಕಟ್ಟಿಯೇ ಮಾಡಬೇಕು. ಅಕ್ಕೋರ ಬಹುಪಾಲು ಕಲೆಗಳು ಇದರಲ್ಲೇ ತಿಳಿಯಾದವು. ಮೇಲಿನ ಎರಡು ಹಲ್ಲುಗಳಲ್ಲಿ ಆಳದ ಕಂದು ಉಳಿಯಿತು, ಅದರ ಮೇಲೆ ತೆಳ್ಳಗೆ ಕಾಂಪೋಸಿಟ್ ಎಂಬ ಹಲ್ಲಿನ ಬಣ್ಣದ ವಸ್ತುವಿನ ಪದರ ಕೊಟ್ಟೆ. ಒಂದು ವಿಷಯ ಹೇಳಲೇಬೇಕು. ಎಷ್ಟೋ ವರ್ಷ ಕಲೆ ಹೋಗಲೆಂದು ಕೊಂಡ ಪುಡಿ, ಪೇಸ್ಟು, ಇದ್ದಿಲು ಎಲ್ಲದರ ಬದಲು ಒಮ್ಮೆ ಯಾರಾದರೂ ‘ಇದು ಕೊಳೆ ಅಲ್ಲ’ ಎಂದು ಹೇಳಿದ್ದರೆ ಆ ಹಲ್ಲಿನ ಬುಡ ಉಳಿಯುತ್ತಿತ್ತು.

ಕೊನೆಯ ಭೇಟಿಯಲ್ಲಿ ಅಕ್ಕೋರು ತಮ್ಮ ಶಾಲೆಯ ಮಕ್ಕಳ ಬಗ್ಗೆ ಕೇಳಿದರು. ಅಲ್ಲೂ ಇದೇ ಕಲೆ, ಮನೆಯಲ್ಲಿ ಬೂದಿ ಹಾಕಿ ತಿಕ್ಕಿಸುವುದೂ ಇದೆ. ಮಕ್ಕಳಿಗೆ ಎಲೆಕ್ಟ್ರಿಕ್ ಬ್ರಷ್ ಬೇಕಿಲ್ಲ ಎಂದೆ. ಮೃದು ಎಳೆಗಳ ಸಾದಾ ಬ್ರಷ್ ಸಾಕು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು ಪೇಸ್ಟ್, ಮೂರರಿಂದ ಆರು ವರ್ಷದವರಿಗೆ ಬಟಾಣಿಕಾಳಿನಷ್ಟು. ನುಂಗದೆ ಉಗುಳುವುದನ್ನು ದೊಡ್ಡವರು ಪಕ್ಕದಲ್ಲೇ ನಿಂತು ನೋಡಬೇಕು. ಎಲ್ಲಕ್ಕಿಂತ ಮುಖ್ಯ ಎಂಟು ವರ್ಷದೊಳಗಿನ ಮಕ್ಕಳು ಯಾವ ನೀರು ಕುಡಿಯುತ್ತಾರೆ ಎಂಬುದು. ಕಾಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಊರಿನ ಶುದ್ಧ ನೀರಿನ ಘಟಕದ ನೀರನ್ನು ಕುಡಿಯಲು ಮಾತ್ರವಲ್ಲ, ಅನ್ನ ಬೇಳೆ ಬೇಯಿಸಲೂ ಬಳಸಬೇಕು.

ಅಕ್ಕೋರು ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡರು. ಶಾಲೆಯ ನೀರಿನ ಮಾದರಿಯನ್ನು ಪರೀಕ್ಷೆಗೆ ಕೊಡಲು ಪಂಚಾಯ್ತಿಗೆ ಅರ್ಜಿ ಬರೆಯುವುದಾಗಿ ಹೇಳಿದರು. ಆರು ತಿಂಗಳ ನಂತರ ಮತ್ತೆ ವಸಡು ತೋರಿಸಲು ಬರಬೇಕು, ಬರುವಾಗ ಬ್ರಷ್‌ನ ತಲೆಯನ್ನೂ ತರಬೇಕು ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದೇನೆ.